ಪಕ್ಕದ ಸೀಟಿನ ಮೇಷ್ಟ್ರು

ಬೆಳಿಗ್ಗೆ ಹತ್ತೂವರೆಗೆ ಫೋನಿನಲ್ಲಿ ಹಾಡಿನ ಆಪ್ ತೆರೆದರೆ ಹಾಡುಗಳೇ ಇರಲಿಲ್ಲ. ನಿನ್ನೆ ಸಂಜೆಯವರೆಗೂ ಪರದೆಯ ತುಂಬ ಸಾಲಾಗಿ ನಿಂತಿದ್ದ ಹನ್ನೆರಡು ಹಳೆಯ ಹಾಡುಗಳು, ಅವುಗಳ ಕೆಳಗೆ ಕನ್ನಡಕವಿಲ್ಲದೆಯೂ ಕಾಣುವಷ್ಟು ದೊಡ್ಡದಾದ ನಿಲ್ಲಿಸುವ ಗುಂಡಿ, ಎಲ್ಲ ಮಾಯ. ನೇರಳೆ ಬಣ್ಣದ ನಡುವೆ ಹೆಡ್‌ಫೋನ್ ಹಾಕಿಕೊಂಡ ಹುಡುಗಿಯೊಬ್ಬಳು ಹಲ್ಲು ಕಿರಿಯುತ್ತಿದ್ದಳು. ‘ನಿಮಗಾಗಿ ಹೊಚ್ಚಹೊಸ ಅನುಭವ’ ಎಂದು ಬರೆದಿತ್ತು. ಕೊಡಿ ಎಂದು ಕೇಳಿದವರು ಯಾರೋ. ಮೇಷ್ಟ್ರ ಹೆಂಡತಿಗೆ ಕೈಕಾಲೇ ಆಡಲಿಲ್ಲ.

ಮೇಷ್ಟ್ರೆಂದರೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಅರ್ಧ ಊರಿಗೆ ಬೈದು ಬೈದು ಕಾರು ಕಲಿಸಿದವರು. ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈಯೂ ಹೋಯಿತು, ಮಾತೂ ಹೋಯಿತು. ಕೈ ಅಷ್ಟಿಷ್ಟು ಮರಳಿತು. ಮಾತಿನ ಬದಲು ಮರಳಿದ್ದು ಹಾಡು. ಮಾತು ಕಲಿಸಲು ಮನೆಗೆ ಬರುವ ಡಾಕ್ಟರಮ್ಮ ಹಾಡು ಹಾಕಿ ಸಾಲಿನ ನಡುವೆ ಥಟ್ಟನೆ ನಿಲ್ಲಿಸಿದರೆ ಉಳಿದರ್ಧ ಸಾಲನ್ನು ಮೇಷ್ಟ್ರು ಹಾಡಿ ಮುಗಿಸುತ್ತಿದ್ದರು. ಹಾಡಿನಿಂದ ಆಚೆಗೆ ಬಂದರೆ ನೀರು ಬೇಕೆನ್ನಲೂ ಬಾಯಿ ಬರುತ್ತಿರಲಿಲ್ಲ. ಇವತ್ತು ಹನ್ನೊಂದಕ್ಕೆ ಆಕೆ ಕೊನೆಯ ಸಲ ನೋಡಲು ಬರುವವರಿದ್ದರು. ಹಾಡಿನಾಚೆಯ ಒಂದು ಮಾತಾದರೂ ಬರದಿದ್ದರೆ ಮನೆಗೆ ಬರುವುದನ್ನು ನಿಲ್ಲಿಸಬೇಕಾಗುತ್ತದೆ, ಸರದಿ ಕಾಯುತ್ತಿರುವವರು ಬಹಳ ಜನ ಇದ್ದಾರೆ ಎಂದು ಸಂಕೋಚದಿಂದಲೇ ಹೇಳಿ ಹೋಗಿದ್ದರು.

ಅದಕ್ಕೇ ಹೆಂಡತಿ ಬೆಳಿಗ್ಗೆಯೇ ಒಂದು ಸುತ್ತು ಅಭ್ಯಾಸ ಮಾಡಿಸೋಣವೆಂದು ಸೋಫಾದಲ್ಲಿ ಗಂಡನ ಪಕ್ಕ ಕೂತಿದ್ದಳು. ಹಾಡಿನ ಹೆಸರು ಹಾಕಿ ಹುಡುಕಿದಳು. ಅದೇ ಹಾಡು ಬೇರೆ ಯಾರದೋ ಗಂಟಲಿನಲ್ಲಿ, ಡಬ್ಬ ಬಡಿದಂಥ ಸದ್ದಿನೊಂದಿಗೆ ಬಂತು. ನಿಲ್ಲಿಸೋಣವೆಂದರೆ ಬೆರಳು ರೂಢಿಯಂತೆ ಹಳೆಯ ಜಾಗಕ್ಕೇ ಹೋಯಿತು. ಅಲ್ಲಿ ಈಗ ಮುಂದಿನ ಹಾಡಿನ ಗುಂಡಿ ಇತ್ತು. ಇನ್ನೂ ಜೋರಾದದ್ದೊಂದು ಶುರುವಾಯಿತು. ಬಲಗಡೆಯ ಹೃದಯದ ಚಿತ್ರ ಒತ್ತಿದಳು. ನಿಮ್ಮ ಅಭಿರುಚಿ ನಮಗೆ ತಿಳಿಯಿತು ಎಂದು ಆಪ್ ಸಂತೋಷಪಟ್ಟಿತು. “ನಿನ್ನ ಮನೆ ಹಾಳಾಗ” ಎಂದು ಆಕೆ ಫೋನಿಗೆ ಶಾಪ ಹಾಕಿದಳು.

ಗಾಬರಿಯಲ್ಲಿ ಎಲ್ಲೆಲ್ಲೋ ಒತ್ತುವಾಗ ಎಡ ಮೂಲೆಯಲ್ಲಿ ಹೊಸದಾಗಿ ಬಂದಿದ್ದ ಮೂರು ಗೆರೆಗಳ ಗುರುತಿಗೂ ಬೆರಳು ತಾಗಿ, ಹನ್ನೆರಡು ಹಾಡುಗಳ ಪಟ್ಟಿ ಒಂದು ಕ್ಷಣ ತೆರೆದುಕೊಂಡಿತು. ಆಕೆ ನೋಡದೆ ಅದನ್ನು ಸರಿಸಿ ಮುಂದೆ ಹೋದಳು. ಮೇಷ್ಟ್ರು ನೋಡಿದರು. ಬೇಕಾದ ತಿರುವು ಕಣ್ಣೆದುರೇ ಹಿಂದೆ ಹೋಯಿತು. ಗಂಟಲಿನಿಂದ ‘ಊಂ, ಊಂ’ ಎಂಬ ಸದ್ದು ಬಂತು. ಎರಡನೆಯ ಸಲವೂ ಹಾಗೆಯೇ ಆಯಿತು. ಅವರ ಕಾಲು ತನ್ನಷ್ಟಕ್ಕೆ ನೆಲವನ್ನು ಒತ್ತತೊಡಗಿತು, ಇಲ್ಲದ ಬ್ರೇಕನ್ನು ಹುಡುಕುತ್ತ. ಮೂರನೆಯ ಸಲ ಪಟ್ಟಿ ತೆರೆದು ಮುಚ್ಚಿದಾಗ ಮುಖ ಕೆಂಪೇರಿತು.

“ಬ್ರೇಕ್” ಎಂದರು ಮೇಷ್ಟ್ರು.

ಹೆಂಡತಿಯ ಬೆರಳು ಇದ್ದಲ್ಲೇ ನಿಂತಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ನೋಡಿದರೆ ಎಲ್ಲಿ ಆ ಮಾತು ಹಾರಿಹೋಗುತ್ತದೋ ಎಂದು ಆಕೆಗೆ ಭಯ. ಪರದೆಯ ಮೇಲೇ ಕಣ್ಣಿಟ್ಟು, ಈಗ ಯಾವ ಕಡೆ ಹೋಗಲಿ ಎಂದು ಮೆಲ್ಲಗೆ ಕೇಳಿದಳು.

“ಎಡ... ಎಡಕ್ಕೆ.”

ಅವಸರದಲ್ಲಿ ಬೆರಳು ಮತ್ತೆ ಬಲಗಡೆಯ ಹೃದಯದ ಚಿತ್ರಕ್ಕೇ ತಾಗಿತು.

“ಎಡಕ್ಕೆ ಅಂದೆ. ಅದು ಎಡ ಏನಮ್ಮಾ?”

ಹೆಂಡತಿಯನ್ನು ಅವರು ಯಾವತ್ತೂ ‘ಅಮ್ಮಾ’ ಎಂದವರಲ್ಲ. ಅದು ಕಾರು ಕಲಿಯಲು ಬರುವ ಹೆಂಗಸರಿಗೆ ಬೈಯುವಾಗಿನ ಮಾತು. ಆಕೆಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದು, ಯಾವುದಕ್ಕೆ ಮೊದಲು ದಾರಿ ಬಿಡಬೇಕೋ ತಿಳಿಯಲಿಲ್ಲ. ನಾಲ್ಕು ತಿಂಗಳಿನಿಂದ ಬೈಯುವವರಿಲ್ಲದೆ ಆ ಮನೆ ಭಣಗುಡುತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಎಡ ಮೂಲೆಯ ಮೂರು ಗೆರೆಗಳನ್ನು ಒತ್ತಿದಳು. ಹನ್ನೆರಡು ಹಾಡುಗಳೂ ಸಾಲಾಗಿ ಬಂದು ನಿಂತವು.

“ಹಾಂ” ಎಂದರು ಮೇಷ್ಟ್ರು, ಕಷ್ಟಪಟ್ಟು ದಾಟಿಸಿದ ತಿರುವಿನ ಆಚೆ ಬಂದವರ ಹಾಗೆ ಹಿಂದಕ್ಕೆ ಒರಗಿ.

ಬಾಗಿಲಲ್ಲಿ ಡಾಕ್ಟರಮ್ಮ ಆಗಲೇ ಬಂದು ನಿಂತಿದ್ದರು. ಕಾಲಿನಲ್ಲಿ ಒಂದೇ ಚಪ್ಪಲಿ, ಇನ್ನೊಂದು ಬಿಟ್ಟದ್ದೆಲ್ಲಿ ಎಂಬುದೂ ಅವರಿಗೆ ನೆನಪಿದ್ದಂತಿರಲಿಲ್ಲ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ, ಅವರ ಕಣ್ಣೂ ಒದ್ದೆಯಾಗಿತ್ತು. ಚೀಲದಿಂದ ಪುಸ್ತಕ ತೆಗೆದು, ಪಟ್ಟಿ ಸಿಕ್ಕಿತಲ್ಲ, ಇನ್ನು ಶುರು ಮಾಡೋಣವೇ ಎಂದು ಪಿಸುದನಿಯಲ್ಲಿ ಕೇಳಿದರು.

ಹೆಂಡತಿ ಬೇಡವೆಂದು ತಲೆಯಾಡಿಸಿದಳು. “ಸ್ವಲ್ಪ ಇರಿ ಡಾಕ್ಟ್ರೇ. ಇನ್ನೊಂದೆರಡು ತಪ್ಪು ಮಾಡ್ತೀನಿ” ಎಂದು ಪಿಸುಗುಟ್ಟಿ, ಸಿಕ್ಕ ಪಟ್ಟಿಯನ್ನು ಬೇಕೆಂದೇ ಮುಚ್ಚಿ, ಬೆರಳನ್ನು ಬಲಗಡೆಯ ಕೊನೆಯವರೆಗೂ ಒಯ್ದು ಒತ್ತಿದಳು.

ಮೇಷ್ಟ್ರು ಸೋಫಾದಲ್ಲಿ ನೆಟ್ಟಗೆ ಕೂತರು. ಉಸಿರು ಎಳೆದುಕೊಂಡರು. ತುಟಿ ಎರಡು ಸಲ ಸುಮ್ಮನೆ ಅಲುಗಿತು. ಆಮೇಲೆ ಒಂದೂ ಅಕ್ಷರ ತೊದಲದೆ ಇಡೀ ಮಾತು ಬಂತು.

“ನಿಂಗೆ ಲೈಸೆನ್ಸ್ ಕೊಟ್ಟೋರು ಯಾರಮ್ಮಾ?”