ಅವಳ ಕುರ್ಚಿಗೆ ಬಂದವಳು

ತನ್ನ ಕುರ್ಚಿಯಲ್ಲಿ ಬಂದು ಕೂತವಳ ಮುಖ ನೋಡಿಯೇ ತೀರಬೇಕೆಂದು ಅಕ್ಕ ಬೆಳಿಗ್ಗೆಯೇ ಮನೆ ಬಿಟ್ಟಳು. ಮನೆ ಗುಡ್ಡದ ಆಚೆ. ಅಲ್ಲಿಗೆ ರೈಲಿನ ಕೂಗೂ ಕೇಳದು. ಎರಡು ಮೈಲಿ ನಡೆದು ನಿಲ್ದಾಣ ತಲುಪುವ ಹೊತ್ತಿಗೆ ಹತ್ತು ಗಂಟೆ.

ಇಪ್ಪತ್ತಾರು ವರ್ಷ ಸವೆಸಿದ ದಾರಿ ಅದು. ರೈಲು ಬರುತ್ತಿದೆ, ತಡವಾಗಿದೆ, ಹಳಿ ದಾಟಬೇಡಿ ಎಂದು ಮೈಕಿನಲ್ಲಿ ಹೇಳುತ್ತಿದ್ದ ಅವಳು ಊರಿಗೆಲ್ಲ ಅಕ್ಕ.

ಎಂಟು ದಿನದ ಹಿಂದೆ ಅವಳನ್ನು ಕೆಲಸದಿಂದ ಬಿಡಿಸಿದ್ದು ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮಾತು ಆಡಿ ಸುಮ್ಮನಾಗುತ್ತಿದ್ದಳೇನೋ. ಬಿಡಿಸಿದ್ದು ಒಡಹುಟ್ಟಿದ ತಮ್ಮ. ಅಪ್ಪ ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ. ತನ್ನ ಮದುವೆಯ ಮಾತೇ ಎತ್ತದೆ ಅವನನ್ನು ಓದಿಸಿದಳು. ಹೋದ ವರ್ಷ ಅವನು ಇದೇ ನಿಲ್ದಾಣಕ್ಕೆ ಸ್ಟೇಷನ್ ಮಾಸ್ಟರ್ ಆಗಿ ಬಂದಾಗ, ಆ ಸುದ್ದಿಯನ್ನೂ ಮೈಕಿನಲ್ಲಿ ಹೇಳಿಬಿಡಲೇ ಅನ್ನಿಸಿತ್ತು.

"ಮೇಲಿಂದ ಆರ್ಡರ್ ಬಂದಿದೆ ಅಕ್ಕ. ನಾನೇನ್ ಮಾಡ್ಲಿ?" ಎಂದಿದ್ದ, ಕಣ್ಣು ತಪ್ಪಿಸುತ್ತ.

"ನನ್ನ ಜಾಗಕ್ಕೆ ಯಾರು?"

"ನಿಂಗೆ ಗೊತ್ತಿರೋರೇ."

ಗೊತ್ತಿರುವವರು! ಅವನ ಹೆಂಡತಿಯ ತಂಗಿ ಕೆಲಸಕ್ಕಾಗಿ ಅಲೆಯುತ್ತಿದ್ದದ್ದು ಅಕ್ಕನಿಗೆ ತಿಳಿಯದ್ದೇನಲ್ಲ. ಅವಳೇ, ಬೇರೆ ಯಾರು? ಎತ್ತಿ ಆಡಿಸಿದವಳಿಗಿಂತ ನಾದಿನಿ ಹೆಚ್ಚಾದಳು.

ಹೋದ ತಿಂಗಳು ಎಂಥ ಪ್ರೀತಿ ತೋರಿಸಿದ್ದ! ನಿಲ್ದಾಣಕ್ಕೆ ನೂರು ವರ್ಷ ತುಂಬುತ್ತದೆ, ಅದರ ಚರಿತ್ರೆ ನಿನ್ನಷ್ಟು ತಿಳಿದವರು ಯಾರಿದ್ದಾರೆ ಎಂದು ಎರಡು ದಿನ ಎದುರಿಗೆ ಕೂರಿಸಿಕೊಂಡು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತ ಮಾತಾಡಿಸಿದ್ದ. ಸೀಮೆಎಣ್ಣೆ ದೀಪದ ಸಿಗ್ನಲ್, ಗಂಟೆ ಬಾರಿಸುತ್ತಿದ್ದ ಕಾಲ, ಸರಕಿನ ಶೆಡ್ಡಿಗೆ ಬೆಂಕಿ ಬಿದ್ದದ್ದು, ಯಾವ ರೈಲು ಬಂದರೆ ಏನನ್ನುತ್ತೀ, ತಡವಾದರೆ ಏನನ್ನುತ್ತೀ, ಎಲ್ಲವನ್ನೂ ಕೇಳಿದ್ದ. ಅವಳ ಗಂಟಲು ಕಟ್ಟಿದಾಗ ತಾನೇ ಎದ್ದು ಬಿಸಿನೀರು ತಂದುಕೊಟ್ಟಿದ್ದ. ಒಬ್ಬನಾದರೂ ತನ್ನ ಬೆಲೆ ತಿಳಿದನಲ್ಲ ಎಂದು ಅವಳು ಹಿಗ್ಗಿದ್ದಳು.

ಪ್ಲಾಟ್‌ಫಾರ್ಮಿನ ಚಹಾದವನು ಅವಳನ್ನು ಕಂಡವನೇ ಲೋಟ ತೊಳೆಯುವುದರಲ್ಲಿ ಮುಳುಗಿದ.

"ಹೊಸಬಳು ಹೇಗಪ್ಪಾ?"

"ಏನ್ ಹೇಳ್ಲಿ ಅಕ್ಕ. ಒಂದು ಲೋಟ ಚಹಾಕ್ಕೂ ಈಚೆ ಬಂದಿಲ್ಲ."

"ಅಷ್ಟು ಜಂಬವಾ? ಧ್ವನಿ?"

"ಧ್ವನಿಗೆ ಹೆಸರಿಡೋ ಹಾಗಿಲ್ಲ." ಅವನು ತಲೆ ಎತ್ತಲಿಲ್ಲ. "ಮಿಕ್ಕಿದ್ದನ್ನ ನನ್ನ ಬಾಯಿಂದ ಹೇಳಿಸ್ಬೇಡಿ. ನೀವೇ ಹೋಗಿ ನೋಡಿ."

ಅಕ್ಕನಿಗೆ ಮೈಯೆಲ್ಲ ಉರಿಯಿತು. ನೇರ ಒಳಗೆ ನುಗ್ಗಿದಳು. ಮೈಕಿನ ಕೋಣೆಯ ಬಾಗಿಲಿಗೆ ತಮ್ಮ ಅಡ್ಡ ನಿಂತ.

"ಬೇಡ ಅಕ್ಕ. ನಿನ್ನ ಕಾಲಿಗೆ ಬೀಳ್ತೀನಿ."

"ನನ್ನ ಅನ್ನ ಕಿತ್ತು ನಿನ್ನ ನಾದಿನಿಗೆ ಕೊಟ್ಯಲ್ಲೋ!"

"ಯಾರಿಗೂ ಕೊಟ್ಟಿಲ್ಲ. ನಿನ್ನಾಣೆಗೂ."

"ಆಣೆ ಬೇರೆ! ಸುಳ್ಳು ಹೇಳೋದನ್ನೂ ನಾನೇ ಕಲಿಸಿದ್ನಾ?"

ಅಂಗಿ ಹಿಡಿದು ಅವನನ್ನು ಪಕ್ಕಕ್ಕೆಳೆದು ಅವಳು ಬಾಗಿಲು ದೂಡಿದಳು.

ಒಳಗೆ ಯಾರೂ ಇರಲಿಲ್ಲ. ಕುರ್ಚಿಯ ಮೇಲೆ ತೆಳ್ಳಗೆ ಧೂಳು ಕೂತಿತ್ತು. ಮೇಜಿನ ಮೇಲೆ ಒಂದು ಹೊಸ ಪೆಟ್ಟಿಗೆ, ಅದರ ಮೂಲೆಯಲ್ಲಿ ಮಿನುಗುವ ಹಸಿರು ಚುಕ್ಕಿ.

ಎಲ್ಲೋ ಅವಳು ಎಂದು ಕೇಳಲು ಅಕ್ಕ ಬಾಯಿ ತೆರೆದಳು, ಮಾತು ಹೊರಡುವ ಮೊದಲೇ, ಹೊರಗೆ ಪ್ಲಾಟ್‌ಫಾರ್ಮಿನ ತುಂಬ, ಅವಳದೇ ಧ್ವನಿ ಮೊಳಗಿತು: "ಪ್ರಯಾಣಿಕರ ಗಮನಕ್ಕೆ..."