ಚಿವುಟದೆ ಬಿಟ್ಟ ಮೊಗ್ಗು

ಮಗು ಹುಟ್ಟಿ ಒಂದೇ ದಿನ ಬದುಕಿತ್ತು...

ಆಸ್ಪತ್ರೆಯಿಂದ ನೇತ್ರಾವತಿ ಬರಿಗೈಯಲ್ಲಿ ಮನೆಗೆ ಬಂದಳು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು. "ವಯಸ್ಸಿದೆ... ಇನ್ನೊಂದಾಗುತ್ತೆ ಬಿಡು."

ಅತ್ತೆ ಸಿದ್ದಗಂಗಮ್ಮನೂ ಅದನ್ನೇ ಹೇಳಿದರು. ಆಮೇಲೆ ಮನೆಯಲ್ಲಿ ಆ ಮಗುವಿನ ಮಾತನ್ನು ಯಾರೂ ಎತ್ತಲಿಲ್ಲ. ನೆನಪಿಸಿದರೆ ಸೊಸೆ ಇನ್ನಷ್ಟು ಕುಗ್ಗುತ್ತಾಳೆ ಎಂಬ ಭಯ.

ಆದರೆ ಯಾರೂ ಮಾತಾಡದೆ, ತಾನು ಹೆತ್ತದ್ದೇ ಸುಳ್ಳೇನೋ ಎಂದು ಅವಳಿಗೆ ಅನ್ನಿಸತೊಡಗಿತು... ಎದೆಹಾಲು ಮಾತ್ರ ಎಷ್ಟೋ ದಿನ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಒಣಗಿದ ಚೆಂಡುಹೂಗಳನ್ನು ತಂದು ಅವಳ ಮುಂದಿಟ್ಟರು.

"ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ಬೇಡ. ಇದನ್ನ ಉಜ್ಜಿ ಬೀಜ ಬಿಡಿಸು."

ಟೆರೇಸಿನ ಮೇಲೆ ಹಳೆಯ ಪೇಂಟ್ ಬಕೆಟ್‌ಗಳಿಗೆ ಮಣ್ಣು ತುಂಬಿ, ಸೂಜಿಯಂಥ ಕಪ್ಪು ಬೀಜಗಳನ್ನು ಉದುರಿಸಿದಳು. ಮೊಳಕೆ ಬಂತು... ಎಲೆ ಬಂತು... ನೀರು ಹಾಕುವ ನೆಪದಲ್ಲಿ ಅವಳು ಕೋಣೆಯಿಂದ ಹೊರಗೆ ಬರತೊಡಗಿದಳು.

ಮೊದಲ ಮೊಗ್ಗುಗಳು ಕಂಡ ದಿನ, ಅತ್ತೆ ಒಂದೊಂದನ್ನೇ ಚಿವುಟುತ್ತ ಬಂದರು.

"ಯಾಕತ್ತೆ?"

"ಮೊದಲ್ನೇದು ತೆಗೀಬೇಕು ಕಣೇ. ಇದೊಂದು ಹೋದ್ರೆ ಕವಲೊಡೆದು ಹತ್ತು ಬರ್ತವೆ."

ನೇತ್ರಾವತಿ ಕೊನೆಯ ಬಕೆಟ್‌ಗೆ ಅಡ್ಡ ಕೂತುಬಿಟ್ಟಳು. "ಇದನ್ನ ಮುಟ್ಬೇಡಿ."

"ಹುಚ್ಚೇನೇ ನಿಂಗೆ?"

"ಹತ್ತು ಬಂದ್ರೂ... ಅದ್ಯಾವುದೂ ಇದಲ್ವಲ್ಲ ಅತ್ತೆ."

ಸಿದ್ದಗಂಗಮ್ಮನ ಕೈ ಅಲ್ಲೇ ನಿಂತಿತು. ಕೆಳಗಿಳಿದು ಹೋದರು.

ಉಳಿದ ಗಿಡಗಳು ಪೊದೆಯಾದವು. ಇದು ಮಾತ್ರ ಒಂಟಿ ಕಡ್ಡಿಯಂತೆ ಉದ್ದಕ್ಕೆ ಬೆಳೆಯಿತು. ಪಕ್ಕದ ಟೆರೇಸಿನ ಜಯಶೀಲಮ್ಮನಿಗೆ ನಗು.

"ಸಿದ್ದಗಂಗಕ್ಕ, ಇದೇನ್ ಹೂವಿನ ಗಿಡಾನೋ, ಕರೆಂಟ್ ಕಂಬಾನೋ?"

"ಇರ್ಲಿ ಬಿಡಮ್ಮ, ನಿನ್ ಮೇಲೇನೂ ಬೀಳಲ್ಲ" ಎಂದು ಅತ್ತೆ ಅದಕ್ಕೊಂದು ಕೋಲು ನೆಟ್ಟು ಕಟ್ಟಿದರು.

ಎಲ್ಲಕ್ಕಿಂತ ಮೊದಲು ಅರಳಿದ್ದು ಆ ಗಿಡದ ಹೂವೇ. ಮೊದಲ ಹೂ ದೇವರಿಗೆ ಎಂಬುದು ಆ ಮನೆಯ ಪದ್ಧತಿ. ಅತ್ತೆ ಹೂಬುಟ್ಟಿ ಹಿಡಿದು ಬಂದಾಗ ನೇತ್ರಾವತಿ ಮುಖ ತಿರುಗಿಸಿಕೊಂಡಳು...

ಅತ್ತೆ ಹೂವನ್ನು ಕೀಳಲಿಲ್ಲ. ಸೊಸೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಹೂಬುಟ್ಟಿಯನ್ನು ಪಕ್ಕಕ್ಕಿಟ್ಟು ಕೇಳಿದರು.

"ನಾಮಕರಣ ಮಾಡಿದ್ದಿದ್ರೆ... ಏನಂತ ಹೆಸರಿಡ್ತಿದ್ದೆ?"

ಅಷ್ಟು ತಿಂಗಳಲ್ಲಿ ಅವಳನ್ನು ಯಾರೂ ಕೇಳದ ಪ್ರಶ್ನೆ ಅದು.

"ಇಂಚರ..."

"ಇಂಚರ." ಅತ್ತೆಯೂ ಒಮ್ಮೆ ಹೇಳಿದರು. "ಮೂಗು ನಿಂದೇ ಇತ್ತು ಕಣೇ... ನಾನು ನೋಡಿದ್ದೆ."

ನೇತ್ರಾವತಿ ಅತ್ತೆಯ ಮಡಿಲಿಗೆ ಕುಸಿದು ಅತ್ತಳು. ತನ್ನ ಮಗುವನ್ನು ಇನ್ನೊಬ್ಬರೂ ನೋಡಿದ್ದರು... ಅದು ಇತ್ತು.

ಇನ್ನೊಂದು ಬರುತ್ತದೆ ಎಂದು ಸಮಾಧಾನ ಹೇಳುವ ಮೊದಲು, ಹೋದದ್ದರ ಹೆಸರು ಕೇಳಿ.

ನಿಮ್ಮ ಮನೆಯಲ್ಲೂ ಯಾರೂ ಮಾತೆತ್ತದ ಒಂದು ಮಗು ಇದ್ದರೆ... ಅದರ ತಾಯಿಯ ಪಕ್ಕದಲ್ಲಿ ನೀವು ಒಮ್ಮೆಯಾದರೂ ಕೂತು, ಅದರ ಹೆಸರು ಕೇಳಿದ್ದೀರಾ?