ಒಂದೇ ಕೀಲಿಕೈ

ಕೋರ್ಟಿನಿಂದ ಬಂದ ಅಧಿಕಾರಿ ಕುರ್ಚಿಯಲ್ಲಿ ಕೂರುವುದಕ್ಕೂ ಒಳಕೋಣೆಯ ಬೀಗ ‘ಕಟಕ್’ ಎನ್ನುವುದಕ್ಕೂ ಸರಿಹೋಯಿತು. ಎಂಟು ವರ್ಷದ ಪುಟ್ಟಿ ಒಳಗಿನಿಂದ ಕೀಲಿಕೈ ತಿರುಗಿಸಿಕೊಂಡುಬಿಟ್ಟಿದ್ದಳು. ಆ ಸದ್ದು ಎಷ್ಟು ಜೋರಾಗಿತ್ತೆಂದರೆ ಪಕ್ಕದ ಬೀದಿಯಲ್ಲಿ ಮಲಗಿದ್ದ ಏಳು ನಾಯಿಗಳು ಎದ್ದು ಕೂತವು. ಎರಡೇ ಎನ್ನುವವರೂ ಇದ್ದಾರೆ. ಅವರಿಗೆ ಎಣಿಸಲು ಬರುವುದಿಲ್ಲ.

“ಮಗುವನ್ನ ಕರೀರಿ,” ಎಂದರು ಅಧಿಕಾರಿ, ಕಡತ ಬಿಚ್ಚುತ್ತಾ. “ಅವಳ ಬಾಯಿಂದಲೇ ಕೇಳಬೇಕು. ನಾಳೆ ಹನ್ನೊಂದಕ್ಕೆ ಜಡ್ಜ್ ಮುಂದೆ ನನ್ನ ವರದಿ ಇರಬೇಕು. ಇಲ್ಲದಿದ್ರೆ ಮುಂದಿನ ತಾರೀಕು ಸಿಗೋಕೆ ಒಂದು ವರ್ಷ ಆಗುತ್ತೆ.”

ಮನೆಯ ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು. ಹತ್ತು ವರ್ಷದಿಂದ ಒಟ್ಟಿಗೆ ಸಂಸಾರ ಮಾಡುತ್ತಿರುವವರು. ಪುಟ್ಟಿಯನ್ನು ಹೆತ್ತವಳು ಸಿಟಿ ಬಸ್ ಓಡಿಸುವವಳು, ಅವಳು ಅಮ್ಮ. ಹುಟ್ಟಿದ ಗಳಿಗೆಯಿಂದ ಎತ್ತಿ ಆಡಿಸಿದವಳು ಬೀಗ ರಿಪೇರಿಯವಳು; ಅವಳು ಅವ್ವ. ಮನೆಯಲ್ಲಿ ಇದರಲ್ಲಿ ಗೊಂದಲವೇ ಇರಲಿಲ್ಲ. ಕಾಗದದ ಮೇಲೆ ಮಾತ್ರ ಅವ್ವ ಯಾರೂ ಅಲ್ಲ. ಕಳೆದ ವರ್ಷ ಪುಟ್ಟಿ ಕೈ ಮುರಿದುಕೊಂಡಾಗ ಆಸ್ಪತ್ರೆಯವರು ಅವ್ವನ ಸಹಿ ನಡೆಯುವುದಿಲ್ಲ ಎಂದರು. ಅಮ್ಮ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಓಡಿಬರುವಷ್ಟರಲ್ಲಿ ಮಗು ಅತ್ತ ಅಳುವಿಗೆ ಆಸ್ಪತ್ರೆಯ ನೆಲಮಹಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ. ಅದರ ಮಾರನೆಯ ದಿನವೇ ಅವ್ವ ಅರ್ಜಿ ಹಾಕಿದ್ದು: ನನ್ನನ್ನೂ ಇವಳ ತಾಯಿ ಎಂದು ಬರೆದುಕೊಳ್ಳಿ.

ಈ ಭೇಟಿಗಾಗಿ ಅಮ್ಮ ಮೂರು ದಿನದಿಂದ ಪುಟ್ಟಿಗೆ ತಾಲೀಮು ಕೊಟ್ಟಿದ್ದಳು. ಹೀಗೆ ಕೂರು, ಹಾಗೆ ನಗು, ಇದು ಕೇಳಿದರೆ ಇದನ್ನು ಹೇಳು, ಒಂದು ಮಾತು ತಪ್ಪಿದರೆ ಮುಗೀತು ಕತೆ! ಈಗ ಅವಳೇ ಬಾಗಿಲು ಬಡಿದು ಕೂಗಿದಳು. ಆ ಗಂಟಲಿಗೆ ಎದುರಿನಿಂದ ಬರುವ ಲಾರಿಗಳೇ ಪಕ್ಕಕ್ಕೆ ಸರಿಯುತ್ತವೆ. ಬಾಗಿಲು ಸರಿಯಲಿಲ್ಲ.

“ಇನ್ನೊಂದು ಕೀಲಿಕೈ ತನ್ನಿ,” ಎಂದರು ಅಧಿಕಾರಿ.

“ಇಲ್ಲ ಮೇಡಂ,” ಎಂದಳು ಅವ್ವ ಮೆಲ್ಲಗೆ.

“ಊರಿಗೆಲ್ಲ ಎರಡೆರಡು ಮಾಡಿಕೊಡ್ತಾಳೆ,” ಅಮ್ಮ ಸಿಡುಕಿದಳು. “ಮಗಳ ಹುಟ್ಟುಹಬ್ಬಕ್ಕೆ ಬೀಗ ಮಾಡಿಕೊಟ್ಟಳು ನೋಡಿ, ಅದಕ್ಕೆ ಮಾತ್ರ ಒಂದೇ! ಅವಳ ಕೋಣೆ ಅಂತೆ, ಅವಳ ಕೀಲಿಕೈ ಅಂತೆ!”

“ಸರಿ, ಹಾಗಾದ್ರೆ ನೀವೇ ತೆಗೀರಿ. ನಿಮ್ಮ ಕಸುಬೇ ಅದಲ್ವಾ?”

ಕಸುಬು ಎಂದರೆ ಎಂಥದ್ದು! ಅವ್ವನ ಕೈಗೆ ಬಗ್ಗದ ಬೀಗ ಇನ್ನೂ ಹುಟ್ಟಿರಲಿಲ್ಲ. ಬ್ಯಾಂಕಿನ ತಿಜೋರಿಗಳು ಅವಳ ನೆರಳು ಕಂಡರೆ ಸಾಕು, ತಾವಾಗಿ ಆಕಳಿಸುತ್ತಿದ್ದವು. ಒಂದು ಹೇರ್‌ಪಿನ್ನು, ಅರ್ಧ ಉಸಿರು, ಕೆಲಸ ಮುಗಿಯಿತು. ಅಂಥ ಅವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ತೆಗೀಬಹುದು ಮೇಡಂ. ಆದ್ರೆ ತೆಗೆಯಲ್ಲ. ಒಳಗಿರೋರು ಬೇಡ ಅಂದ ಬಾಗಿಲನ್ನ ನಾನು ಮುಟ್ಟಲ್ಲ. ಗಿರಾಕಿ ಮನೇಲೂ ಮುಟ್ಟಲ್ಲ, ಇಲ್ಲೂ ಮುಟ್ಟಲ್ಲ.”

“ತಲೆ ಕೆಟ್ಟಿದೆಯೇನೇ ನಿನಗೆ?” ಅಮ್ಮ ಅವಳ ತೋಳು ಹಿಡಿದು ಅಲುಗಿಸಿದಳು. “ಇನ್ನೊಂದು ವರ್ಷ ಕಾಯಬೇಕು ಕಣೇ! ಅಷ್ಟರಲ್ಲಿ ನನಗೇನಾದ್ರೂ ಆದ್ರೆ ಇವಳನ್ನ ಯಾರ ಕೈಗೆ ಕೊಡ್ತಾರೋ!”

ಅವ್ವ ಬಾಗಿಲ ಬುಡದಲ್ಲಿ ನೆಲದ ಮೇಲೆ ಕೂತು ಸಂದಿಗೆ ಬಾಯಿ ಇಟ್ಟಳು.

“ಪುಟ್ಟೀ, ಹಸಿವಾ?”

“ಇಲ್ಲ.”

“ಕೋಪಾನಾ?”

“ಇಲ್ಲ. ಆ ಆಂಟಿ ಹೋದ್ರಾ?”

“ಇಲ್ಲೇ ಇದ್ದಾರೆ. ನಿನ್ನ ಹತ್ರ ಮಾತಾಡಬೇಕಂತೆ.”

“ನಾನು ಮಾತಾಡಲ್ಲ. ನಾನು ತಪ್ಪು ಹೇಳಿಬಿಟ್ರೆ ಅವರು ಆಗಲ್ಲ ಅಂತ ಬರೀತಾರೆ. ಆಮೇಲೆ ನೀನು ಮನೆ ಬಿಟ್ಟು ಹೋಗಬೇಕು. ನಾನು ಹೊರಗೆ ಬರ್ದೇ ಇದ್ರೆ ಅವರು ಏನೂ ಬರೆಯೋಕಾಗಲ್ಲ.”

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಧಿಕಾರಿಯ ಪೆನ್ನು ನಿಂತಿತು. ಗೋಡೆಯ ಗಡಿಯಾರವೂ ನಿಂತು ಕೇಳಿಸಿಕೊಂಡಿತು. ಅಂದಿನಿಂದ ಅದು ನಾಲ್ಕು ನಿಮಿಷ ಹಿಂದೆಯೇ ಓಡುತ್ತಿದೆ.

“ಲೇ ಹುಚ್ಚೀ,” ಎಂದಳು ಅವ್ವ. ಜಂಬ ಮಾತ್ರ ಬಿಡಲಿಲ್ಲ. “ನಾನು ಎಷ್ಟು ಸಾವಿರ ಬೀಗ ನೋಡಿದೀನಿ ಹೇಳು? ನನ್ನನ್ನ ಈ ಮನೆಯಿಂದ ಹೊರಗಿಡೋ ಬೀಗ ಭೂಮಿ ಮೇಲೆ ಇನ್ನೂ ಯಾರೂ ಮಾಡಿಲ್ಲ. ಮೇಡಂ ಏನು ಬರೆದ್ರೂ ಅಷ್ಟೇ, ಜಡ್ಜ್ ಏನು ಅಂದ್ರೂ ಅಷ್ಟೇ.”

“ಆಣೆ?”

“ಆಣೆ.”

ಬಾಗಿಲು ಒಂದು ಗೇಣು ತೆರೆಯಿತು. ಪುಟ್ಟ ಕೈಯೊಂದು ಹೊರಬಂದು ಅವ್ವನ ತೋಳು ಹಿಡಿದು ಎಳೆಯಿತು. ನೂರು ಕೆಜಿ ತೂಗುವ ಹೆಂಗಸು ಒಂದು ಗೇಣು ಸಂದಿಯಲ್ಲಿ ಹೇಗೆ ತೂರಿದಳೆಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ತೂರಿದ್ದಂತೂ ನಿಜ. ಬಾಗಿಲು ಮತ್ತೆ ಮುಚ್ಚಿಕೊಂಡು ಬೀಗ ಬಿತ್ತು.

“ಅಯ್ಯೋ, ಈಗ ಇಬ್ಬರೂ ಒಳಗೆ!” ಅಮ್ಮ ಹಣೆ ಚಚ್ಚಿಕೊಂಡಳು. “ಮೇಡಂ, ದಯವಿಟ್ಟು ಹೋಗಬೇಡಿ. ಐದೇ ನಿಮಿಷ. ಬಾಗಿಲು ಮುರಿದಾದ್ರೂ ಕರೀತೀನಿ.”

ಅಧಿಕಾರಿ ಕಡತವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದರು. ಒಂದು ಪುಟ ತುಂಬಿ ಎರಡನೆಯದಕ್ಕೆ ಬಂದಿದ್ದರು. ತಲೆ ಎತ್ತಲಿಲ್ಲ.

“ಶ್, ಮೆಲ್ಲಗೆ,” ಎಂದರು. “ಒಳಗೆ ತಾಯಿ ಮಗಳು ಮಾತಾಡ್ತಿದ್ದಾರೆ.”